ಆಚೆ ಬದಿಯ ಅಗಳಿ

ಕುಂದಾಪುರದ ಪೇಟೆ ಮುಗಿದು ಹೊಳೆಬದಿ ಶುರುವಾಗುವಲ್ಲಿ ಹಿಂದೆ ಉಪ್ಪು ತುಂಬಿಡುತ್ತಿದ್ದ ಒಂದು ಉದ್ದನೆಯ ಮಂಡಿ ಇತ್ತು. ಉಪ್ಪಿನ ವ್ಯಾಪಾರ ಬಿದ್ದುಹೋದ ಮೇಲೆ ಯಡ್ತರೆಯ ಧಣಿಯೊಬ್ಬರು ಅದನ್ನು ಕೊಂಡರು. ಹಂಚು ಬದಲಿಸಿ, ಆರು ಕೋಣೆಗಳಿಗೆ ಒಂದೊಂದು ಒಲೆ ಹಾಕಿಸಿ, ಆರು ಸಂಸಾರಗಳಿಗೆ ಬಾಡಿಗೆಗೆ ಕೊಟ್ಟುಬಿಟ್ಟರು. ಜಗಲಿ ಎಂಬುದಿಲ್ಲ, ಉಪ್ಪಿಗೆ ಯಾರು ಜಗಲಿ ಕಟ್ಟುತ್ತಾರೆ? ಮೆಟ್ಟಿಲು ಇಳಿದರೆ ಸೀದಾ ಬಿಸಿಲಿನ ಅಂಗಳ. ಹಿಂದುಗಡೆ ಎಲ್ಲರಿಗೂ ಸೇರಿ ಒಂದು ಬಾವಿ. ಮಳೆಗಾಲ ಬಂತೆಂದರೆ ಗೋಡೆಗಳು ಹಳೆಯದನ್ನು ನೆನೆಸಿಕೊಂಡು ಉಪ್ಪು ಬೆವರುತ್ತಿದ್ದವು. ಬೊಂಬಾಯಿಯಲ್ಲಿ ಕ್ಯಾಂಟೀನಿನ ಕೆಲಸ ಮಾಡಿ ಬಂದು ಕೊನೆಯ ಕೋಣೆ ಹಿಡಿದಿದ್ದ ಲೀಲಾಧರ ಮೊದಲ ದಿನವೇ, "ಅರೆ ಭಾಯ್, ಇದ್ ಮನಿ ಅಲ್ಲ, ಚಾಳ್" ಎಂದಿದ್ದ. ಅಂದಿನಿಂದ ಅದಕ್ಕೆ ಚಾಳು ಎಂದೇ ಹೆಸರಾಯಿತು.

ಈ ಚಾಳಿನಲ್ಲಿ ಬೇರೆಲ್ಲೂ ಇಲ್ಲದ ಒಂದು ಸಂಗತಿ ಇತ್ತು. ಕೋಣೆಯಿಂದ ಕೋಣೆಗೆ ನಡುಬಾಗಿಲುಗಳು. ಮಳೆಯಲ್ಲಿ ಉಪ್ಪಿನ ಗೋಣಿಯನ್ನು ಹೊರಗೆ ತರದೆ ಈ ತುದಿಯಿಂದ ಆ ತುದಿಗೆ ಸಾಗಿಸಲಿಕ್ಕೆ ಹಿಂದಿನವರು ಇಟ್ಟದ್ದು. ಧಣಿಗಳು ಅವನ್ನು ಮುಚ್ಚಿಸುವ ಖರ್ಚಿಗೆ ಹೋಗಲಿಲ್ಲ, ಎರಡೂ ಬದಿಗೆ ಕಬ್ಬಿಣದ ಅಗಳಿ ಹಾಕಿಸಿದರು. ಎರಡೂ ಅಗಳಿ ಸರಿದರೆ ಮಾತ್ರ ಬಾಗಿಲು ತೆರೆಯುತ್ತದೆ.

ಅದಕ್ಕೊಂದು ಕಟ್ಟಳೆ ತಾನಾಗಿಯೇ ಬೆಳೆದಿತ್ತು. ಮದುವೆ, ಬಾಣಂತನ, ಸಾವು, ಏನೇ ಇರಲಿ, ಬೇಕಾದವರು ತಮ್ಮ ಬದಿಯ ಅಗಳಿ ಸರಿಸಿ ಸುಮ್ಮನಿರಬೇಕು. ಬಾಗಿಲು ತಟ್ಟಬಾರದು, ಕರೆಯಬಾರದು, ಕೇಳಬಾರದು. ಅಗಳಿ ಸರಿದ ಸದ್ದು ಆಚೆಯವರಿಗೆ ಕೇಳಿಯೇ ಕೇಳುತ್ತದೆ. ಮನಸ್ಸಿದ್ದರೆ ಅವರೂ ಸರಿಸುತ್ತಾರೆ. ಇಲ್ಲದಿದ್ದರೆ ಇಲ್ಲ. ಬಾಯಿಬಿಟ್ಟು ಕೇಳಲಿಲ್ಲವಾದ್ದರಿಂದ ಇಲ್ಲವೆಂದವರಿಗೂ ನಾಚಿಕೆಯಿಲ್ಲ, ಇಲ್ಲವೆನಿಸಿಕೊಂಡವರಿಗೂ ಇಲ್ಲ. ಹಾಗೆ ಆರೂ ಕೋಣೆ ತೆರೆದುಕೊಂಡ ದಿನ ಚಾಳು ಒಂದೇ ಮನೆಯಾಗುತ್ತಿತ್ತು. ಆ ತುದಿಯಲ್ಲಿ ಒಗ್ಗರಣೆ ಹಾಕಿದರೆ ಈ ತುದಿಯಲ್ಲಿ ಸೀನು ಬರುತ್ತಿತ್ತು.

ಮೊದಲನೆಯ ಕೋಣೆಯಲ್ಲಿ ಅಮ್ಮಣ್ಣಿ ಎಂಬ ಒಂಟಿ ಮುದುಕಿ. ಎರಡನೆಯದರಲ್ಲಿ ಮೀನು ಮಾರುವ ಬೆಳ್ಳಿ, ಅವಳ ಮಗ ಶೀನ, ಮಗಳು ಪದ್ದು. ಮೂರನೆಯದರಲ್ಲಿ ಹಟ್ಟಿಯಂಗಡಿ ಕಡೆಯಿಂದ ಬಂದು ಬಸ್ಸು ನಿಲ್ಲುವಲ್ಲಿ ಚಾ ಹೋಟೆಲು ಇಟ್ಟಿದ್ದ ಚಂದಯ್ಯ ಮತ್ತು ಅವನ ಹೆಂಡತಿ ಗಿರಿಜಾ. ಅಲ್ಲಿಂದಾಚೆಗೆ ಇನ್ನೆರಡು ಸಂಸಾರ ದಾಟಿದರೆ ಲೀಲಾಧರ ಮತ್ತವನ ಹೆಂಡತಿ ಗುಲಾಬಿ.

ಶೀನ ಏಳನೆಯ ಕ್ಲಾಸಿನಲ್ಲಿದ್ದಾಗ ಅವನ ಅಪ್ಪಯ್ಯ ಹೋದ ದೋಣಿ ತಿರುಗಿ ಬರಲಿಲ್ಲ. ಶಾಲೆ ಅಲ್ಲಿಗೆ ನಿಂತಿತು. ಬೆಳ್ಳಿ ಬುಟ್ಟಿ ಹೊತ್ತಳು. ಆದರೆ ಆಷಾಢದಲ್ಲಿ ಕಡಲು ಬಾಗಿಲು ಹಾಕಿಕೊಂಡರೆ ಬುಟ್ಟಿಗೆ ಕೆಲಸವಿಲ್ಲ, ಹೊಟ್ಟೆಗೆ ಮಾತ್ರ ಇದೆ. ಆಗ ಮಧ್ಯಾಹ್ನ ಮೂರನೆಯ ಕೋಣೆಯ ಕಡೆಯಿಂದ ಅಗಳಿಯ ಸದ್ದು ಕೇಳುತ್ತಿತ್ತು. ಬೆಳ್ಳಿ ತನ್ನ ಬದಿಯದ್ದನ್ನು ಸರಿಸಿದರೆ ಹೊಸಲಿನ ಮೇಲೆ ಮುಚ್ಚಿದ ಪಾತ್ರೆ, ಅದರಲ್ಲಿ ಗಂಜಿ, ಮುಚ್ಚಳದ ಮೇಲೊಂದು ಉಪ್ಪಿನ ಮಾವಿನಕಾಯಿ. ಕೊಟ್ಟ ಕೈ ಕಾಣುತ್ತಿರಲಿಲ್ಲ. ಗಿರಿಜಾ ಪಾತ್ರೆ ಇಟ್ಟು ಒಲೆಯ ಕಡೆ ತಿರುಗಿರುತ್ತಿದ್ದಳು. ಶೀನ ತಲೆಯೆತ್ತದೆ ಉಣ್ಣುತ್ತಿದ್ದ. ಹಸಿವಾಗಿತ್ತು, ಉಂಡ. ಆದರೆ ಪ್ರತಿ ತುತ್ತಿನ ಜೊತೆಗೆ ಒಂದಿಷ್ಟು ಸಿಟ್ಟೂ ಒಳಗೆ ಹೋಗುತ್ತಿತ್ತು. ಯಾರ ಮೇಲೆಂದು ಅವನಿಗೇ ಗೊತ್ತಿರಲಿಲ್ಲ.

ಬೆಳೆದ ಮೇಲೆ ಗೊತ್ತಾಯಿತು: ಎಲ್ಲರ ಮೇಲೆ. ಬಾಡಿಗೆ ಕೇಳಲು ಬಂದು ಮೂಗಿಗೆ ಪಂಚೆಯ ತುದಿ ಹಿಡಿಯುವ ಧಣಿಯ ಶ್ಯಾನುಭಾಗರ ಮೇಲೆ. ಶಾಲೆ ಬಿಟ್ಟವನನ್ನು ಕಂಡು ಇನ್ನೊಂದು ಬದಿಗೆ ಮುಖ ಹಾಕಿದ ಮಾಷ್ಟ್ರ ಮೇಲೆ. ದೋಣಿ ಇದ್ದವರ ಮೇಲೆ, ದೋಣಿ ನುಂಗಿದ ಕಡಲಿನ ಮೇಲೆ. ಅವನು ಹೊಳೆಬದಿಯ ದೋಣಿ ಕಟ್ಟುವ ಪಡಿಯಲ್ಲಿ ಕೆಲಸಕ್ಕೆ ಸೇರಿದ. ದಿನವಿಡೀ ಹಲಗೆಗೆ ಮೊಳೆ ಹೊಡೆಯುವುದು. ಸಿಟ್ಟಿನವನಿಗೆ ಅದಕ್ಕಿಂತ ಒಳ್ಳೆಯ ಕೆಲಸ ಇನ್ನೊಂದಿಲ್ಲ. ಅವನು ಹೊಡೆದ ಮೊಳೆ ಅಲುಗುವುದಿಲ್ಲ ಎಂದು ಪಡಿಯಲ್ಲಿ ಹೆಸರೂ ಬಂತು.

ಹಾಗಿರುವಾಗ ಒಂದು ದೀಪಾವಳಿಗೆ ಎರಡು ದಿನವಿರುವಾಗ, ಪಡಿಯ ಗೆಳೆಯ ನಾಗ ಅವನ ಜೊತೆ ಚಾಳಿಗೆ ಬಂದ. ಗಿರಿಜಾ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದಳು. ಇವರನ್ನು ಕಂಡದ್ದೇ ಅವಳ ಮುಖ ಅರಳಿತು. ಮಕ್ಕಳಿಲ್ಲದ ಹೆಂಗಸು, ಶೀನನ ತೋಳು, ಎದೆ ಕಂಡು ತನ್ನದೇ ಏನೋ ಬೆಳೆದು ನಿಂತಂತೆ ಅನಿಸಿರಬೇಕು. ನಾಗನಿಗೆ ಹೇಳಿದಳು: "ಇವ ನಮ್ಮನಿ ಗಂಜಿ ಉಂಡ್ ಬೆಳದ್ ಗಂಡ್, ಕಾಣಿ. ಈಗ ಹ್ಯಾಂಗ್ ಆಯಿದ."

ನಾಗ ನಕ್ಕ. ಮರುದಿನ ಪಡಿಯಲ್ಲಿ ಶೀನ 'ಗಂಜಿ ಶೀನ' ಆಗಿದ್ದ. ಸುತ್ತಿಗೆ ಕೊಡುವಾಗ ಗಂಜಿ, ಬೀಡಿ ಕೇಳುವಾಗ ಗಂಜಿ. ನಾಗನ ಅಂಗಿ ಹರಿದು, ಇವನ ತುಟಿ ಒಡೆದು, ಸಂಜೆ ಮನೆಗೆ ಬಂದವನು ಪಡಿಯಿಂದ ತಂದ ಹಲಗೆಯ ತುಂಡನ್ನು ಗಿರಿಜಾಳ ಕಡೆಯ ನಡುಬಾಗಿಲಿಗೆ ಅಡ್ಡಲಾಗಿ ಇಟ್ಟು, ಬಾಗಿಲಿಗೂ ದಾರಂದಕ್ಕೂ ಸೇರಿಸಿ ದೋಣಿಯ ಮೊಳೆ ಹೊಡೆದ. ಬೆಳ್ಳಿ ಕೈ ಹಿಡಿದಳು, ಬೈದಳು, ಅತ್ತಳು. ಅವನು ಹೊಡೆದೇ ಹೊಡೆದ.

ಅಂದಿನಿಂದ ಚಾಳು ಎರಡು ತುಂಡಾಯಿತು. ಈಚೆಗೆ ಅಮ್ಮಣ್ಣಿ ಮತ್ತು ಬೆಳ್ಳಿ, ಆಚೆಗೆ ಉಳಿದ ನಾಲ್ಕು ಸಂಸಾರ. ಲೀಲಾಧರನ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಅಮ್ಮಣ್ಣಿ ಕೋಲೂರಿಕೊಂಡು ಅಂಗಳ ಸುತ್ತಿ ಹೋಗಬೇಕಾಯಿತು. ಹೋಗುವಾಗಲೂ ಬರುವಾಗಲೂ ಶೀನನ ಮೆಟ್ಟಿಲ ಮುಂದೆ ನಿಂತು, ತನ್ನ ಕಾಲಿಗೆ ಹತ್ತಿದ ಒಂದೊಂದು ಮುಳ್ಳಿನ ಲೆಕ್ಕವನ್ನೂ ಅವನ ತಲೆಗೆ ಕಟ್ಟಿದಳು. ಗಿರಿಜಾ ಮತ್ತು ಬೆಳ್ಳಿ ಬಾವಿಕಟ್ಟೆಯಲ್ಲಿ ಮಾತಾಡುತ್ತಿದ್ದರು. ಶೀನ ಬಂದರೆ ಇಬ್ಬರೂ ಕೊಡಪಾನ ಎತ್ತುತ್ತಿದ್ದರು.

ಪದ್ದುವಿಗೆ ಸಂಬಂಧ ಹುಡುಕಿದ್ದು ಇದೇ ಅಮ್ಮಣ್ಣಿ. ಅವಳ ತವರು ಹಂಗಾರಕಟ್ಟೆ. ಅಲ್ಲಿ ದೋಣಿ ಕಟ್ಟುವ ಮನೆತನವೊಂದರ ಹುಡುಗ ಗಣಪ, ಅವನ ಸೋದರಮಾವ ಕರಿಯಣ್ಣ ಮನೆಗೆ ಹಿರಿಯ. ಅಮ್ಮಣ್ಣಿ ಹೋಗಿ, ಒಂದು ವಾರ ಕೂತು, ಹುಡುಗಿಯನ್ನೂ ಮನೆಯನ್ನೂ ಬಣ್ಣಿಸಿ ಬಂದಳು. ಮುದುಕಿ ಸುಳ್ಳು ಹೇಳಲಿಲ್ಲ. 'ನಮ್ಮನಿ' ಎಂದಳು, 'ಹೊಳಿಬದಿಗಿತ್ತ್' ಎಂದಳು, 'ಆರ್ ಕೋಣಿ, ಒಂದೇ ಹಂಚಿನ್ ಮಾಡ್' ಎಂದಳು. ಎಷ್ಟೋ ವರ್ಷದಿಂದ ಚಾಳಿನಲ್ಲಿದ್ದವಳಿಗೆ ನಮ್ಮನೆ ಎಂದರೆ ಅದೇ. ಕೇಳಿದವರು, ಹುಡುಗಿಯ ಕಡೆಯವರದ್ದು ದೊಡ್ಡ ಮನೆ ಎಂದುಕೊಂಡರು. ವೀಳ್ಯಶಾಸ್ತ್ರಕ್ಕೆ ಹಿರಿಯರು ನಾಲ್ಕು ಜನ ಬರುತ್ತಾರೆಂದು ಬೆಳ್ಳಿ ನಾಲ್ಕು ಚಾಪೆ ಹಾಸಿ ಕೂತಳು.

ಗಿರಿಜಾಳನ್ನು ಕರೆಯುವ ಮಾತು ಬಂದಾಗ ಶೀನ ಬೇಡವೆಂದಿದ್ದ. ಅವಳು ಆ ಜನರ ಎದುರಿಗೂ ಗಂಜಿಯ ಕತೆ ಹೇಳದೆ ಇರುವುದಿಲ್ಲ ಎಂದಿದ್ದ. ಬೆಳ್ಳಿ ಮಗನ ಮುಖ ನೋಡಿ ಆ ಮಾತು ಅಲ್ಲಿಗೇ ಬಿಟ್ಟಳು. ನಿಶ್ಚಯದ ದಿನ ಬೆಳಿಗ್ಗೆಯಿಂದ ಚಂದಯ್ಯನ ಕೋಣೆಯ ಮುಂಬಾಗಿಲು ಹಾಕಿಕೊಂಡೇ ಇತ್ತು.

ವೈಶಾಖದ ಬಿಸಿಲು. ಏರು ನೀರಿನ ಜೊತೆ ಹೊಳೆಯಲ್ಲಿ ಎರಡು ದೋಣಿಗಳು ಕಂಡವು. ಹೊಸ ದೋಣಿಗಳು, ಮೂತಿಗೆ ಅಬ್ಬಲಿಗೆಯ ಮಾಲೆ. ಬಸ್ಸಿನಲ್ಲಿ ಬಂದಿದ್ದರೆ ಇಷ್ಟು ಜನ ಬರುತ್ತಿರಲಿಲ್ಲ. ದೋಣಿ ಕಟ್ಟುವವರಿಗೆ ದೋಣಿಗೇನು ಬರ? ಹೆಂಗಸರು, ಮಕ್ಕಳು, ಮುದುಕರು, ಕಂಕುಳಲ್ಲಿ ಕೂಸು, ತಲೆಯ ಮೇಲೆ ಬಾಳೆಗೊನೆ, ಇಳಿಯುತ್ತಲೇ ಇದ್ದರು. ದಡದಲ್ಲಿ ನಿಂತ ಶೀನ ಎಣಿಸುವುದನ್ನು ನಡುವಿಗೇ ಬಿಟ್ಟ. ಪಡಿಯವರ ಜೊತೆ ಊಟಕ್ಕೆಂದು ಬಂದಿದ್ದ ನಾಗ ಪಕ್ಕದಲ್ಲಿ ನಿಂತು ಸಿಳ್ಳೆ ಹಾಕಿದ.

ಬೆಳ್ಳಿಯ ಕೋಣೆ ತುಂಬಿತು. ಅಮ್ಮಣ್ಣಿ ತನ್ನ ಬದಿಯ ಅಗಳಿ ಮೊದಲೇ ಸರಿಸಿದ್ದಳು, ಅವಳ ಕೋಣೆಯೂ ತುಂಬಿತು. ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಇನ್ನೂ ಅಂಗಳದಲ್ಲಿ, ತಲೆಯ ಮೇಲೆ ಸೆರಗು ಹೊದ್ದು ನಿಂತಿದ್ದರು. ಕರಿಯಣ್ಣ ದಪ್ಪ ಹುಬ್ಬಿನ, ಮೆಲ್ಲಗೆ ಮಾತಾಡುವ ಮನುಷ್ಯ. ತಮ್ಮ ಮನೆತನದ ಪದ್ಧತಿಯನ್ನು ಅವರು ಬೆಳ್ಳಿಗೆ ವಿವರಿಸಿದರು. ವೀಳ್ಯದ ಹರಿವಾಣವನ್ನು ಬಂದ ನೆಂಟರೆಲ್ಲ ಒಂದೇ ಸಾಲಿನಲ್ಲಿ ಕೂತು ಕೈಯಿಂದ ಕೈಗೆ ದಾಟಿಸಬೇಕು. ಹುಡುಗಿಯ ಮಡಿಲು ಮುಟ್ಟುವ ತನಕ ಅದನ್ನು ನೆಲಕ್ಕೆ ಇಡಬಾರದು, ಮಾಡಿನ ಅಡಿಯಿಂದ ಹೊರಗೆ ಬಯಲಿಗೆ ತರಬಾರದು. ಒಬ್ಬರ ಕೈ ತಪ್ಪಿದರೂ ಆ ಒಬ್ಬರು ನಾಳೆ ಹುಡುಗಿಯನ್ನು ತಮ್ಮವಳೆಂದು ಒಪ್ಪಬೇಕಾಗಿಲ್ಲ. ಇದು ಮುಗಿದು, ಇಳಿ ನೀರು ಇರುವಾಗಲೇ ಅವರು ದೋಣಿ ಹತ್ತಬೇಕು. ಇಷ್ಟು ಹೇಳಿ ಕರಿಯಣ್ಣ ಸುತ್ತ ನೋಡಿದರು.

"ಉಳ್ದ್ ಕೋಣಿ ಎಲ್ಲಿತ್ತ್?"

ಪದ್ದು ಅಮ್ಮಣ್ಣಿಯ ಕೋಣೆಯಲ್ಲಿ ಹೂವಿನ ಭಾರಕ್ಕೆ ತಲೆ ಬಗ್ಗಿಸಿ ಕೂತಿದ್ದಳು. ಆ ತಲೆ ಇನ್ನಷ್ಟು ಬಗ್ಗಿತು. ಅಮ್ಮಣ್ಣಿ ಕೋಲೆತ್ತಿ ಅಡ್ಡ ಹಲಗೆ ತೋರಿಸಿದಳು.

ಕರಿಯಣ್ಣ ಹತ್ತಿರ ಹೋಗಿ ಮೊಳೆಯ ತಲೆಯ ಮೇಲೆ ಹೆಬ್ಬೆರಳು ಆಡಿಸಿದರು.

"ಇದ್ ದೋಣಿ ಮೊಳಿ ಅಲ್ದಾ? ಯಾರ್ ಹೊಡದ್ದ್?"

"ನಾನ್," ಎಂದ ಶೀನ.

"ಕಡ್ಲಿಗ್ ಬಿಡುಕಿತ್ತಾ ಬಾಗ್ಲ್?"

ಹಿಂದಿನಿಂದ ಯಾರೋ ನಕ್ಕರು. ಬಾಗಿಲು ಹಾಳಾಗಿತ್ತು ಎನ್ನಬಹುದಿತ್ತು, ಇಲಿ ಬರುತ್ತಿತ್ತು ಎನ್ನಬಹುದಿತ್ತು. ತಂಗಿಯ ಬಗ್ಗಿದ ತಲೆ ಕಣ್ಣಿಗೆ ಬಿತ್ತು.

"ಸಿಟ್ ಬಂದಿತ್ತ್," ಎಂದ.

"ಈಗ ಹೋಯ್ತಾ?"

"ಇಲ್ಲೆ."

ಕರಿಯಣ್ಣ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಆಯ್ಲಿ. ಸಿಟ್ ಇರ್ಲಿ. ಮೊಳಿ ತೆಗಿ."

ಶೀನ ಸುತ್ತಿಗೆ ತಂದ. ಉಪ್ಪಿನ ಗೋಡೆಯ ಮಗ್ಗುಲಲ್ಲಿ ಮೊಳೆ ತುಕ್ಕು ಹಿಡಿದು ಮರವನ್ನೇ ಕಚ್ಚಿಕೊಂಡಿತ್ತು. ಕಚ್ಚಿದ ಮೊಳೆಯನ್ನು ಎಳೆಯುವ ಮೊದಲು ಒಳಕ್ಕೊಂದು ಪೆಟ್ಟು ಹೊಡೆಯಬೇಕು, ಆಗಲೇ ಅದು ಹಿಡಿತ ಬಿಡುತ್ತದೆ. ಅವನು ಪೆಟ್ಟು ಹೊಡೆದ. ದೀಪಾವಳಿಯ ಮುಂಚಿನ ಆ ಸಂಜೆ ಆಚೆ ಬದಿಯವಳಿಗೆ ಕೇಳಿದ್ದೂ ಇದೇ ಸದ್ದು, ಒಂದಾದ ಮೇಲೆ ಒಂದು. ಈಗ ಮತ್ತೆ ಹೊಡೆಯುತ್ತಿದ್ದಾನೆ ಎಂದುಕೊಳ್ಳುತ್ತಾಳೋ ಏನೋ. ಕೂಗಿ ಹೇಳುವ ಹಾಗಿಲ್ಲ, ಕಟ್ಟಳೆ. ಮೊಳೆಗಳು ಒಂದೊಂದಾಗಿ ಕಿರುಚುತ್ತ ಬಂದವು. ಅಲುಗದ ಮೊಳೆ ಹೊಡೆಯುವವನೆಂದು ಹೆಸರು ಮಾಡಿದವನು ಬೆವರಿನಲ್ಲಿ ಮಿಂದು ಆ ಹೆಸರಿಗೆ ಮನಸ್ಸಿನಲ್ಲೇ ಬೈದ. ಹಲಗೆ ಬಿತ್ತು. ತನ್ನ ಬದಿಯ ಅಗಳಿಯನ್ನು ಎರಡೂ ಕೈಯಿಂದ ಸರಿಸಿದ. ಅದು ಇಡೀ ಚಾಳಿಗೆ ಕೇಳುವಂತೆ ಕಿರ್ರೆಂದಿತು.

ಆಮೇಲೆ ಕಾದ.

ಆಚೆಯಿಂದ ಸದ್ದಿಲ್ಲ.

ಬೆಳ್ಳಿ ಸೆರಗು ಬಾಯಿಗೆ ತುರುಕಿಕೊಂಡಳು. ಅಂಗಳದಲ್ಲಿ ಒಂದು ಕೂಸು ಬಿಸಿಲಿಗೆ ಅಳತೊಡಗಿತು. ಹೆಂಗಸರು ತಮ್ಮ ತಮ್ಮಲ್ಲೇ ಗುಸುಗುಸು ಶುರುಮಾಡಿದರು. ಕರಿಯಣ್ಣ ಹೊಳೆಯ ಕಡೆ ನೋಡಿದರು. ನೀರು ಏರುವುದು ನಿಂತಿತ್ತು. ಅಗಳಿಯ ಸದ್ದಿಗಾಗಿ ಕಿವಿಯಿಟ್ಟು ನಿಂತ ಶೀನನಿಗೆ, ಅವಳು ತೆಗೆಯದಿದ್ದರೆ ಸರಿಯೇ ಎನಿಸಿತು. ಅವಳ ಜಾಗದಲ್ಲಿ ತಾನಿದ್ದರೆ ತೆಗೆಯುತ್ತಿದ್ದೆನೇ? ಖಂಡಿತ ಇಲ್ಲ. ಇನ್ನೂ ಒಂದು ಮೊಳೆ ಹೊಡೆಯುತ್ತಿದ್ದೆ. ಹಾಗೆಂದುಕೊಂಡು ಕೈ ಸೋತು ಬಾಗಿಲಿಗೆ ಒರಗಿದ.

ಬಾಗಿಲು ಹಿಂದಕ್ಕೆ ಹೋಯಿತು. ಅವನು ಬೀಳುವವನು ದಾರಂದ ಹಿಡಿದು ನಿಂತ.

ಒಳಗೆ ನೆಲ ಸಾರಿಸಿತ್ತು. ಗೋಡೆಯುದ್ದಕ್ಕೂ ಚಾಪೆಗಳು. ಒಲೆಯ ಮೇಲೆ ದೊಡ್ಡ ಹಂಡೆ, ಹೋಟೆಲಿನದ್ದು. ಮುಂಬಾಗಿಲು ಹಾಕಿಕೊಂಡು ಗಂಡಹೆಂಡತಿ ಬೆಳಿಗ್ಗೆಯಿಂದ ಮಾಡಿದ್ದು ಇದು. ಅದರಾಚೆಯ ಬಾಗಿಲೂ ತೆರೆದಿತ್ತು, ಅದರಾಚೆಯದ್ದೂ. ಕೊನೆಯ ಕೋಣೆಯ ತನಕ ಕಣ್ಣು ಹೋಯಿತು, ಅಲ್ಲಿ ಗುಲಾಬಿ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಗಿರಿಜಾ ಹಬ್ಬದ ಸೀರೆ ಉಟ್ಟು, ಸೊಂಟಕ್ಕೆ ಕೈಯಿಟ್ಟು, ಮುಖ ಬಿಗಿದುಕೊಂಡೇ ಇದ್ದಳು.

ಶೀನನಿಗೆ ಕೇಳಲು ಸಾಧ್ಯವಾದದ್ದು ಒಂದೇ: "ಅಗಳಿ?"

"ಅಂದಿಂದ ನಾನ್ ಹಾಕಿದ್ದೇ ಇಲ್ಲೆ," ಎಂದಳು ಗಿರಿಜಾ. "ಮೊಳಿ ಹೊಡದ್ದ್ ನೀನ್. ನಿನ್ ಬದಿಗೆ. ನನ್ ಬದಿಗ್ ಎಂತಾ ಆಯಿತ್ತ್? ಆಷಾಢ ಬಪ್ಪುದ್ರೊಳಗ್ ನೀನೇ ತೆಗಿತೆ ಅಂದೇಳಿ ಮಾಡಿದ್ದೆ." ಬಳಿಕ ಅವನ ಹೆಗಲ ಮೇಲಿಂದ ಅಂಗಳದವರನ್ನು ಕಂಡು ದನಿ ಏರಿಸಿದಳು: "ಹ್ವಾಯ್, ಬಿಸ್ಲಂಗ್ ಎಂತಕ್ ನಿಂತ್ರಿ? ಒಳ್ಗ್ ಬನ್ನಿ, ಕೂಕಣಿ."

ಜನ ಹೊಳೆಯಂತೆ ಒಳಗೆ ಹರಿದರು. ಆರೂ ಕೋಣೆಗಳಲ್ಲಿ ಗೋಡೆಗೆ ಒರಗಿ ಒಂದೇ ಸಾಲು. ಲೀಲಾಧರ ಆ ತುದಿಯಲ್ಲಿ ಬೊಂಬಾಯಿಯ ಸ್ಟೇಷನ್ನಿನವರ ಹಾಗೆ ಜನರನ್ನು ಸರಿಸಿ ಕೂರಿಸಿದ. ಜಾಗ ಸಾಲದ ಕಡೆ ಚಾಳಿನವರೂ ನೆಂಟರ ನಡುವೆ ಸೇರಿಕೊಂಡು ಯಾರು ಯಾರೆಂದು ತಿಳಿಯದಂತಾಯಿತು. ಹರಿವಾಣ ಗುಲಾಬಿಯ ಪಕ್ಕದಿಂದ ಹೊರಟಿತು. ತೆಂಗಿನಕಾಯಿ, ವೀಳ್ಯ, ಅಡಿಕೆ, ಅಬ್ಬಲಿಗೆ. ಕೈಯಿಂದ ಕೈಗೆ, ಹೊಸಲಿನಿಂದ ಹೊಸಲಿಗೆ. ಎರಡನೆಯ ಮತ್ತು ಮೂರನೆಯ ಕೋಣೆಯ ನಡುವಿನ ಹೊಸಲಿಗೆ ಬರುವಾಗ ಆಚೆ ಬದಿಯಲ್ಲಿ ಗಿರಿಜಾ, ಈಚೆ ಬದಿಯಲ್ಲಿ ಶೀನ. ಪಕ್ಕದ ಹೆಂಗಸು ಹರಿವಾಣ ಚಾಚಿದಳು. ಗಿರಿಜಾ ಕೈ ಹಿಂದೆ ತೆಗೆದಳು. ತಾನು ನೆಂಟಳಲ್ಲ, ಜಾತಿಯವಳೂ ಅಲ್ಲ, ಕರೆಸಿಕೊಂಡು ಬಂದವಳೂ ಅಲ್ಲ ಎಂಬುದು ಅವಳಿಗೆ ಆಗ ನೆನಪಾಯಿತು. ಹರಿವಾಣ ಗಾಳಿಯಲ್ಲೇ ನಿಂತಿತು. ಅದನ್ನು ನೆಲಕ್ಕೆ ಇಡುವಂತಿಲ್ಲ.

"ಇವ್ರ್ ಯಾರ್, ನಿಮ್ಗೆ ಎಂತ ಆತ್ರ್?" ಕರಿಯಣ್ಣ ಕೇಳಿದ್ದು ಶೀನನನ್ನು.

ಕೋಣೆಯ ಮೂಲೆಯಲ್ಲಿ ನಾಗ ಇದ್ದ. ಪಡಿಯವರೆಲ್ಲ ಇದ್ದರು. ಶೀನ ಅವರನ್ನು ನೋಡಿಯೇ ಹೇಳಿದ, ಜಗಳಕ್ಕೆ ಹೊರಟವನ ದನಿಯಲ್ಲಿ:

"ಇವ್ರ್ ಮನಿ ಗಂಜಿ ಉಂಡ್ ಬೆಳದ್ದ್ ನಾನ್. ನಾನೂ, ಪದ್ದೂ."

ಯಾರೂ ನಗಲಿಲ್ಲ. ನಾಗ ತನ್ನ ಕಾಲಿನ ಉಗುರು ನೋಡಿಕೊಂಡ. ಕರಿಯಣ್ಣ ತಲೆಯಾಡಿಸಿ, ಹಾಗಾದರೆ ಇವರ ಕೈ ತಪ್ಪಿಸಿದರೆ ಆಗದು ಎಂದು ಪಕ್ಕದವರಿಗೆ ಹೇಳಿದರು. ಗಿರಿಜಾ ಸೆರಗಿನಲ್ಲಿ ಎರಡೂ ಕೈ ಒರೆಸಿಕೊಂಡಳು. ಒರೆಸಿದ ಮೇಲೂ ಮತ್ತೊಮ್ಮೆ ಒರೆಸಿಕೊಂಡಳು. ಹರಿವಾಣ ಹಿಡಿದು ಹೊಸಲಿನ ಮೇಲೆ ಚಾಚಿದಳು. ಇಷ್ಟು ವರ್ಷದಲ್ಲಿ ಆ ಹೊಸಲಿನ ಮೇಲೆ ಪಾತ್ರೆ ಇಟ್ಟ ಕೈಯನ್ನು ಶೀನ ಸರಿಯಾಗಿ ನೋಡಿದ್ದು ಅದೇ ಮೊದಲು. ಬಿಸಿ ಪಾತ್ರೆ ಮುಟ್ಟಿ ಮುಟ್ಟಿ ಕಪ್ಪಾದ ಬೆರಳ ತುದಿಗಳು. ಅವನು ಬಗ್ಗಿ ಹರಿವಾಣ ತೆಗೆದುಕೊಂಡ. ಹಿತ್ತಾಳೆಯ ಅಂಚಿಗೆ ಅವನ ಕೈಯ ಮೊಳೆತುಕ್ಕು ಹತ್ತಿತು. ಅದು ಅಲ್ಲಿಂದ ಸಾಲಿನ ಉಳಿದ ಕೈಗಳನ್ನೆಲ್ಲ ದಾಟಿ ಬೆಳ್ಳಿಗೆ, ಬೆಳ್ಳಿಯಿಂದ ಅಮ್ಮಣ್ಣಿಗೆ, ಅಮ್ಮಣ್ಣಿಯಿಂದ ಪದ್ದುವಿನ ಮಡಿಲಿಗೆ ಹೋಯಿತು.

ಇಳಿ ನೀರಿಗೆ ದೋಣಿಗಳು ಹೊರಟವು. ಬಂದವರೆಲ್ಲ ಹೊಟ್ಟೆತುಂಬ ಉಂಡಿದ್ದರು. ನಾಲ್ಕು ಹಿರಿಯರಿಗೂ ಪಡಿಯವರಿಗೂ ಎಂದು ಮಾಡಿದ ಅಡುಗೆ ಚಂದಯ್ಯನ ಹಂಡೆಯ ಜೊತೆ ಸೇರಿ ಹೇಗೋ ಸಾಕಾಗಿತ್ತು. ಉಣ್ಣದೆ ಉಳಿದದ್ದು ಬಡಿಸಿದವರು ಮಾತ್ರ. ಸಂಜೆ ಶೀನ ಹೊಸಲಿನ ಮೇಲೆ ಕೂತು, ಕಿತ್ತ ಮೊಳೆಗಳನ್ನು ಕಲ್ಲಿನ ಮೇಲಿಟ್ಟು ನೆಟ್ಟಗೆ ಮಾಡುತ್ತಿದ್ದ. ಆ ಹಲಗೆಗೆ ಕಾಲು ಜೋಡಿಸಿ ಅಮ್ಮಣ್ಣಿಗೊಂದು ಮಣೆ ಮಾಡಬೇಕೆಂದಿತ್ತು, ಅವಳ ಬಾಯಿ ಮುಚ್ಚಿಸಲಿಕ್ಕಾದರೂ. ಪಕ್ಕದಲ್ಲಿ ಏನೋ ಇಟ್ಟ ಸದ್ದಾಯಿತು. ಮುಚ್ಚಿದ ಪಾತ್ರೆ. ಗಿರಿಜಾ ಈ ಸಲ ಒಲೆಯ ಕಡೆ ತಿರುಗಲಿಲ್ಲ, ಸೊಂಟಕ್ಕೆ ಕೈಯಿಟ್ಟು ಅಲ್ಲೇ ನಿಂತಳು.

ಶೀನ ಮುಚ್ಚಳ ತೆಗೆದು, ತಲೆಯೆತ್ತಿಯೇ ಎರಡು ತುತ್ತು ಉಂಡ. ಏನಾದರೂ ಹೇಳಬೇಕಿತ್ತು. ಕೊನೆಗೆ ಹೊರಬಿದ್ದದ್ದು ಸಿಟ್ಟಿನದ್ದೇ ದನಿ.

"ಉಪ್ಪ್ ಕಮ್ಮಿ ಆಯಿತ್ತ್."

"ಗೋಡಿ ನೆಕ್ಕ್," ಎಂದಳು ಗಿರಿಜಾ, ಮತ್ತು ಇನ್ನೊಂದು ಸೌಟು ಹಾಕಿದಳು.